ರೋಗಕ್ಕೆ ಹೆಸರು ಸಿಗುವ ಮುನ್ನ: ತಂಗಿಯ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಮಗುವಿನ ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ರಕ್ತ ಕ್ಯಾನ್ಸರಿನ ಅನುಮಾನದಿಂದ ಮೂಳೆಮಜ್ಜೆಯ ಪರೀಕ್ಷೆ ಆಗಬೇಕೆಂದಿದ್ದಾರೆ, ಮನೆಯ ಹಿರಿಯರು ಮಾತ್ರ ಇನ್ನಷ್ಟು ದಿನ ನೋಡೋಣವೆನ್ನುತ್ತಿದ್ದಾರೆ ಎಂದು ಬರೆದಿದ್ದೀಯೆ. ಕಾಯಬೇಡ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ದಾದಿಯಾಗಿ ದುಡಿದ ನಾನು ಮೊದಲು ಹೇಳಬೇಕಾದ ಮಾತು ಇದು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ ಈ ಪ್ರಮಾಣ ಶೇ. 30ನ್ನೂ ಮುಟ್ಟುವುದಿಲ್ಲ. ಈ ಅಂತರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಕಾರಣಗಳಲ್ಲಿ ರೋಗ ಪತ್ತೆಯಾಗದಿರುವುದು, ತಪ್ಪಾಗಿ ಅಥವಾ ತಡವಾಗಿ ಪತ್ತೆಯಾಗುವುದು ಮುಖ್ಯವಾದವು.

ಜ್ವರ ಮರುಕಳಿಸಿದಾಗಲೇ, ಕಾಲುನೋವೆಂದು ರಾತ್ರಿ ಅತ್ತಾಗಲೇ ನನಗೇಕೆ ಹೊಳೆಯಲಿಲ್ಲ ಎಂದು ನೀನು ಕೇಳಿಕೊಳ್ಳುತ್ತಿದ್ದೀಯೆ. ವಾರ್ಡಿಗೆ ಬಂದ ತಾಯಿತಂದೆಯರಲ್ಲಿ ಈ ಪ್ರಶ್ನೆ ಕೇಳಿಕೊಳ್ಳದವರು ಅಪರೂಪ. ಅವರು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಒಂದೇ ಬಗೆಯದು: ಮೊದಲು ವೈರಲ್ ಜ್ವರವೆಂದರು, ಆಮೇಲೆ ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಟಾನಿಕ್ ಕೊಟ್ಟರು, ಕಾಲುನೋವಿಗೆ ಬೆಳೆಯುವ ವಯಸ್ಸೆಂದರು, ಬೆಳಗಿನ ತಲೆನೋವು ವಾಂತಿಗಳಿಗೆ ಶಾಲೆ ತಪ್ಪಿಸುವ ನೆಪವೆಂದರು. ಇವರೆಲ್ಲ ಅಲಕ್ಷ್ಯ ಮಾಡಿದವರಲ್ಲ. ಬಿಳಿಚಿಕೊಳ್ಳುವುದು, ಸುಸ್ತು, ಜ್ವರ, ಕುತ್ತಿಗೆಯ ಗಂಟು ಇವೆಲ್ಲ ಮಕ್ಕಳ ಸಾಮಾನ್ಯ ಕಾಯಿಲೆಗಳಲ್ಲೂ ಕಾಣಿಸುತ್ತವೆ. ಒಂದು ಲಕ್ಷಣ ಬಿಡದೆ ಉಳಿದಾಗ, ಇಲ್ಲವೇ ಒಂದರ ಜೊತೆ ಇನ್ನೊಂದು ಸೇರಿಕೊಂಡಾಗಲೇ ಅನುಮಾನಕ್ಕೆ ದಾರಿಯಾಗುತ್ತದೆ. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪಿನಂತೆ ಮೊದಲ ನೋಟಕ್ಕೇ ಎಚ್ಚರಿಸುವ ಚಿಹ್ನೆಗಳು ಕೆಲವೇ. ನಿನ್ನ ಅಡುಗೆಯಿಂದಾಗಲಿ, ಬಸುರಿನಲ್ಲಿ ಮಾಡಿದ ಕೆಲಸದಿಂದಾಗಲಿ ಇದು ಬಂತೆಂದು ಯಾರಾದರೂ ಹೇಳಿದರೆ ಎದ್ದು ಹೋಗು. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಕಾರಣ ಗೊತ್ತೇ ಆಗುವುದಿಲ್ಲ.

ಕಳೆದ ತಿಂಗಳುಗಳನ್ನು ನೆನೆಯದೆ ಇರಲಾರೆಯೆಂದು ಬಲ್ಲೆ. ಹಾಗಾದರೆ ಕಾಗದದ ಮೇಲೆ ನೆನೆ: ಜ್ವರ ಎಂದು ಬಂತು, ಎಷ್ಟಿತ್ತು, ಮೈಮೇಲೆ ನೀಲಿ ಕಲೆಗಳು ಪೆಟ್ಟಾಗದೆಯೇ ಮೂಡಿದವೇ, ತೂಕ ಇಳಿಯಿತೇ, ಯಾರು ಯಾವ ಔಷಧಿ ಕೊಟ್ಟರು. ಔಷಧಿಯ ಚೀಟಿಗಳನ್ನೆಲ್ಲ ತಪ್ಪದೆ ತೋರಿಸು. ಅದರಲ್ಲೂ ಸ್ಟೀರಾಯ್ಡ್ ಕೊಟ್ಟಿದ್ದರೆ ವೈದ್ಯರಿಗೆ ತಿಳಿಯಲೇಬೇಕು, ಏಕೆಂದರೆ ಅದು ರಕ್ತ ಕ್ಯಾನ್ಸರಿನ ಕೋಶಗಳನ್ನು ತಾತ್ಕಾಲಿಕವಾಗಿ ಅಡಗಿಸಿ ಪರೀಕ್ಷೆಯ ಫಲಿತಾಂಶವನ್ನೇ ಮಸುಕಾಗಿಸಬಲ್ಲದು. ಯಾರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ಪರೀಕ್ಷೆ ಮುಗಿಯುವವರೆಗೆ ಈ ವೈದ್ಯರನ್ನು ಕೇಳದೆ ಹೊಸ ಔಷಧಿ ಬೇಡ.

ಪರೀಕ್ಷೆಯಾದ ಮೇಲಿನ ಕಾಯುವಿಕೆ ಕಷ್ಟದ್ದು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ವೈದ್ಯರು ಬೇಗನೆ ಹೇಳಬಹುದು, ಆದರೆ ಕೋಶಗಳ ಬಗೆ ಮತ್ತು ವರ್ಣತಂತುಗಳ ಪರೀಕ್ಷೆಗೆ ಇನ್ನಷ್ಟು ದಿನ ಹಿಡಿಯುತ್ತದೆ. ಚಿಕಿತ್ಸೆಯ ತೀವ್ರತೆ ನಿರ್ಧರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಫಲಿತಾಂಶ ಕೇಳಲು ಗಂಡಹೆಂಡಿರಿಬ್ಬರೂ ಹೋಗಿ. ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದ ಮೇಲೆ ಉಳಿದ ಮಾತು ಯಾರ ತಲೆಗೂ ಹತ್ತುವುದಿಲ್ಲ. ಅದಕ್ಕೇ ರೋಗದ ಪೂರ್ತಿ ಹೆಸರನ್ನು ಬರೆದುಕೊಡಲು ಕೇಳಿ, ಅರ್ಥವಾಗದ್ದನ್ನು ಮರುದಿನ ಮತ್ತೆ ಕೇಳಿ. ನಿನ್ನ ಗಂಡ ಮಾತಿಲ್ಲದೆ ಕುಳಿತರೆ ಅದನ್ನು ನಿರ್ಲಕ್ಷ್ಯವೆಂದು ತಿಳಿಯಬೇಡ.

ಮಗುವಿಗೆ ಸುಳ್ಳು ಹೇಳಬೇಡ. ಏನೂ ಮಾಡುವುದಿಲ್ಲವೆಂದು ನಂಬಿಸಿ ಒಳಗೆ ಕರೆದೊಯ್ದ ಮಗು ಆಮೇಲೆ ಬರಿಗೈಯಲ್ಲಿ ಬಂದ ದಾದಿಯನ್ನೂ ಕಂಡು ಚೀರುವುದನ್ನು ನೋಡಿದ್ದೇನೆ. ಸೂಜಿ ಚುಚ್ಚುತ್ತಾರೆ, ನೋವಾಗದಂತೆ ಔಷಧಿ ಕೊಡುತ್ತಾರೆ, ಎಚ್ಚರವಾದಾಗ ನಾನು ಪಕ್ಕದಲ್ಲೇ ಇರುತ್ತೇನೆ ಎಂದಷ್ಟು ಹೇಳಿದರೆ ಸಾಕು. ನಿನ್ನ ದೊಡ್ಡ ಮಗಳಿಗೂ ಅಷ್ಟನ್ನು ತಿಳಿಸು. ಆ ದಿನಗಳಲ್ಲಿ ಅವಳನ್ನು ನೋಡಿಕೊಳ್ಳಲು ನಾನು ಬರುತ್ತೇನೆ, ದಿನ ಗೊತ್ತಾದ ಕೂಡಲೇ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ