ಗಡ್ಡೆಯ ಚೂರನ್ನು ರೋಗಿಯ ಮನೆಯವರು ಹೊರಬೇಕೆ? ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಅಕ್ಕ ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿದ್ದಾಳೆ. ಒಂದು ವರ್ಷ ಹಣ್ಣು ಕೊಯ್ಲಿನ ಹೊತ್ತಿಗೆ ಅವಳಿಗೆ ಸಂಜೆಯಾದರೆ ಜ್ವರ ಬರತೊಡಗಿತು. ಮೈ ಬಿಳಿಚಿತು, ರವಿಕೆಗಳೆಲ್ಲ ಸಡಿಲವಾದವು, ಕಬ್ಬಿಣಾಂಶದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ದುಗ್ಧಗ್ರಂಥಿಯ (ಲಿಂಫ್ ನೋಡ್) ಗಡ್ಡೆ ಕಂಡಿತು. ಸೂಜಿ ಚುಚ್ಚಿ ತೆಗೆದ ಮಾದರಿ ಏನನ್ನೂ ಹೇಳಲಿಲ್ಲ. ಕ್ಷಯವಿರಬೇಕೆಂದು ಆರು ತಿಂಗಳು ಔಷಧ ಕೊಟ್ಟರು. ಆ ವೈದ್ಯರ ಮೇಲೆ ನನಗೆ ಕೋಪವಿಲ್ಲ. ಜ್ವರ, ತೂಕ ಇಳಿಕೆ, ಊದಿದ ಗ್ರಂಥಿ ಸೇರಿದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯವೇ. ಆದರೆ ಎರಡು ಮೂರು ತಿಂಗಳಾದರೂ ಜ್ವರ ಬಿಡದಿದ್ದಾಗ ಗಡ್ಡೆಯನ್ನೇ ತೆಗೆದು ನೋಡಬೇಕಿತ್ತು.

ಕೊನೆಗೆ ದೂರದ ನಗರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೇಣದ ಅಚ್ಚಿನಲ್ಲಿ ಕೂರಿಸಿದ ಗಡ್ಡೆಯ ಚೂರನ್ನು ಕೈಚೀಲದಲ್ಲಿಟ್ಟುಕೊಂಡು, ಜೀವಕೋಶಗಳಿಗೆ ಬಣ್ಣ ಹಾಕಿ ನೋಡುವ ವಿಶೇಷ ಪರೀಕ್ಷೆಗಾಗಿ ನಾನೇ ಬಸ್ಸಿನಲ್ಲಿ ಇನ್ನೊಂದು ಪ್ರಯೋಗಾಲಯಕ್ಕೆ ಒಯ್ದೆ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಬಂದ ಹೆಸರು ಕ್ಯಾಸಲ್‌ಮನ್ ಕಾಯಿಲೆ.

1950ರ ದಶಕದಲ್ಲಿ ಬಾಸ್ಟನ್ನಿನ ರೋಗಶಾಸ್ತ್ರಜ್ಞ ಬೆಂಜಮಿನ್ ಕ್ಯಾಸಲ್‌ಮನ್ ವಿವರಿಸಿದ ಅಪರೂಪದ ರೋಗವಿದು. ಕ್ಯಾನ್ಸರ್ ಅಲ್ಲ. ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಅತಿಯಾದಾಗ ಜ್ವರ, ರಕ್ತಹೀನತೆ ಕಾಡುತ್ತವೆ. ಗ್ರಂಥಿಯೊಳಗೆ ಜೀವಕೋಶಗಳು ಹೇಗೆ ಜೋಡಣೆಗೊಂಡಿವೆ ಎಂಬುದರಿಂದಲೇ ಇದನ್ನು ಗುರುತಿಸಬೇಕಾಗಿರುವುದರಿಂದ ಸೂಜಿಯ ಮಾದರಿ ಸಾಲುವುದಿಲ್ಲ. ಗಡ್ಡೆ ಒಂದೇ ಕಡೆ ಇದ್ದು ಪೂರ್ತಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಅಕ್ಕನಿಗೆ ಆದದ್ದೂ ಅದೇ. ಹಲವು ಕಡೆ ಇದ್ದರೆ ದಾರಿಯೇ ಬೇರೆ: ಎಚ್‌ಐವಿ ಮತ್ತು ಎಚ್‌ಎಚ್‌ವಿ-8 ವೈರಾಣುಗಳ ಪರೀಕ್ಷೆ, ಕೆಲವರಿಗೆ ಸಿಲ್ಟುಕ್ಸಿಮ್ಯಾಬ್‌ನಂತಹ ದುಬಾರಿ ಔಷಧ.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಪ್ರತಿ ಅಪರೂಪದ ರೋಗದ ತಜ್ಞರನ್ನೂ ಅಲ್ಲಿಗೆ ಕರೆತನ್ನಿ ಎಂದು ನಾನು ಕೇಳುತ್ತಿಲ್ಲ. ರೈಲೇ ಇಲ್ಲದ ನಮ್ಮ ಜಿಲ್ಲೆಯಿಂದ ರೋಗಿಯ ಬದಲು ಮಾದರಿ ಪ್ರಯಾಣ ಮಾಡಲಿ. ಕಾರಣ ತಿಳಿಯದ ಗ್ರಂಥಿ ಊತ ಕಂಡರೆ ಅದರ ಚೂರು ಮಡಿಕೇರಿಯಿಂದಲೇ ಬೆಂಗಳೂರಿನ ಕಿದ್ವಾಯಿಯಂತಹ ಸಂಸ್ಥೆಗೆ ಸರ್ಕಾರದ ಖರ್ಚಿನಲ್ಲಿ ಹೋಗಿ, ವರದಿ ಮಡಿಕೇರಿಗೇ ಬರುವಂತೆ ಆದೇಶ ಹೊರಡಿಸಿ. ಕ್ಷಯದ ಔಷಧಕ್ಕೆ ಬಗ್ಗದ ರೋಗಿಗಳ ಕಡತವನ್ನು ಶಸ್ತ್ರಚಿಕಿತ್ಸಕರು ಮತ್ತು ರೋಗಶಾಸ್ತ್ರಜ್ಞರು ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು ನೋಡಲಿ.

ಅಕ್ಕ ಈ ವರ್ಷ ಮತ್ತೆ ಕೊಯ್ಲಿಗೆ ಹೋಗಿದ್ದಾಳೆ. ಅವಳ ವರದಿಗಳೆಲ್ಲ ನನ್ನ ಬಳಿ ಇವೆ. ನಿಮ್ಮ ಅಧಿಕಾರಿಗಳು ಕರೆದ ದಿನ ಮಡಿಕೇರಿಗೆ ತರುತ್ತೇನೆ.

ಇತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ