ನೀಲಿ ಟೋಪಿಯ ತಾತನಿಗೆ

2021ರ ಫೆಬ್ರುವರಿ 15, ಟೆಕ್ಸಾಸ್‌ನ ಆಸ್ಟಿನ್. ನಸುಕಿನಲ್ಲಿ ಕರೆಂಟ್ ಹೋಯಿತು, ಮೂರು ದಿನ ಬರಲಿಲ್ಲ. ಹೊರಗೆ ಮೈನಸ್ 10 ಡಿಗ್ರಿಗೂ ಕೆಳಗೆ. ಟೆಕ್ಸಾಸ್‌ನ ವಿದ್ಯುತ್ ಜಾಲ ಬಹುಪಾಲು ಬೇರೆಯೇ ಇದೆ, ಪಕ್ಕದ ರಾಜ್ಯಗಳಿಂದ ಜಾಸ್ತಿ ಕಡ ತರೋಕೂ ಆಗಲ್ಲ. ಶಿವಮೊಗ್ಗದಿಂದ ಬಂದಿದ್ದ ಅಮ್ಮ ಎರಡು ಸ್ವೆಟರ್ ಮೇಲೆ ಕಂಬಳಿ ಹೊದ್ದು, "ನಮ್ಮೂರಲ್ಲಿ ಕರೆಂಟ್ ಹೋದ್ರೆ ಸೆಖೆ ಕಣೋ" ಅಂದರು.

17ರಂದು, ನೀರು ಕುದಿಸಿಯೇ ಕುಡಿಯಿರಿ ಅಂತ ಊರಿಗೆಲ್ಲ ಸೂಚನೆ ಬಂತು. ನಮ್ಮ ಒಲೆ ಕರೆಂಟಿನದು! ನಗಬೇಕೋ ಅಳಬೇಕೋ ಅನ್ನುವಾಗಲೇ ಮೇಲೆ ಪೈಪ್ ಒಡೆದು ಅಡುಗೆಮನೆಯ ಸೀಲಿಂಗ್‌ನಿಂದ ನೀರು ಸುರಿಯತೊಡಗಿತು. ಬಂದ್ ಮಾಡುವ ವಾಲ್ವ್ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಬೀದಿಗೆ ಓಡಿ ಕೂಗಿದೆ.

ನೀವು ಬಂದಿರಿ. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ. ಫುಟ್‌ಪಾತ್ ಪಕ್ಕ ಹಿಮ ಕೆದಕಿ, ಮೀಟರಿನ ಮುಚ್ಚಳ ಎತ್ತಿ, ಮಂಡಿಯೂರಿ ಕೂತು ತಿರುಗಿಸಿದಿರಿ. ಕೈಗವಸು ಒದ್ದೆಯಾಗಿ ಅಲ್ಲೇ ಗಟ್ಟಿಯಾಗುತ್ತಿತ್ತು. ನೀರು ನಿಂತಿತು. ಆಮೇಲೆ ಕ್ಯಾಂಪಿಂಗ್ ಸ್ಟೌ ತಂದುಕೊಟ್ಟು, "ಹೊರಗೇ ಹಚ್ಚಿ, ಒಳಗೆ ಹಚ್ಚಿದರೆ ವಿಷಗಾಳಿ ತುಂಬುತ್ತದೆ" ಅಂತ ಎರಡೆರಡು ಸಲ ಹೇಳಿದಿರಿ. ಟಾಯ್ಲೆಟ್‌ಗೆ ಬಕೆಟ್‌ನಲ್ಲಿ ಹಿಮ ಕರಗಿಸುವುದನ್ನೂ ನೀವೇ ಹೇಳಿಕೊಟ್ಟಿದ್ದು.

ಅವತ್ತು ಹಿತ್ತಲಲ್ಲಿ ಅಮ್ಮ ಮಾಡಿದ ತಿಳಿಸಾರಿನ ರುಚಿ ಇನ್ನೂ ನಾಲಿಗೆ ಮೇಲಿದೆ. ನಿಮಗೊಂದು ಡಬ್ಬಿ ಕೊಡೋಣವೆಂದು ಬಂದರೆ ನೀವಿರಲಿಲ್ಲ. ಹೆಸರೂ ಕೇಳಿರಲಿಲ್ಲ ನಾನು, ಪೆದ್ದ! ತುಂಬಾ ಥ್ಯಾಂಕ್ಸ್ ತಾತ. ನಿಮ್ಮ ಸ್ಟೌ ನಮ್ಮ ಗ್ಯಾರೇಜಿನಲ್ಲಿ ಜೋಪಾನವಾಗಿದೆ.