ಭಾಸ್ಕರಾಚಾರ್ಯರ 1,76,63,19,049 ನಮ್ಮ ಮಕ್ಕಳ ಬೋರ್ಡಿಗೆ ಬರಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 22ರ ಗಣಿತ ದಿನ ಬಂತೆಂದರೆ ವಿಜಯಪುರದಲ್ಲಿ ಭಾಸ್ಕರಾಚಾರ್ಯರನ್ನು ನೆನೆಯದ ಭಾಷಣವಿಲ್ಲ. ಅವರು ತಮ್ಮ ಊರೆಂದು ಹೇಳಿಕೊಂಡ ‘ವಿಜ್ಜಡವಿಡ’ ನಮ್ಮೂರೇ ಎಂದು ನಾವು. ಅಲ್ಲ, ಅದು ಮಹಾರಾಷ್ಟ್ರದ ಖಾನದೇಶದ ಕಡೆಯದು ಎಂದು ಇನ್ನು ಕೆಲವರು. ಆ ವಾದ ಪಂಡಿತರಿಗಿರಲಿ. ಅವರ ಮಗಳು ಲೀಲಾವತಿಯ ಮದುವೆ ಮುಹೂರ್ತ ತಪ್ಪಿದ ದಂತಕಥೆ ಮಕ್ಕಳಿಗೆ ಬಾಯಿಪಾಠವಾಗಿದೆ. ಆದರೆ ಅವರು 1150ರಲ್ಲಿ ‘ಬೀಜಗಣಿತ’ದಲ್ಲಿ ಬಿಡಿಸಿಟ್ಟ ಒಂದು ಲೆಕ್ಕವನ್ನು ನಾವು ಮಕ್ಕಳ ಮುಂದೆ ಇಡುವುದೇ ಇಲ್ಲ. ಗಣಿತ ಶಿಕ್ಷಕನಾದ ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಲೆಕ್ಕ ಇಷ್ಟೇ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಬರುವುದೂ ಪೂರ್ಣವರ್ಗವೇ ಆಗಿರಬೇಕು. 61ರ ಬದಲು 60 ಇದ್ದಿದ್ದರೆ 4 ಸಾಕಿತ್ತು: 60×16+1=961, ಅಂದರೆ 31ರ ವರ್ಗ. 62 ಇದ್ದಿದ್ದರೆ 8: 62×64+1=3969, ಅದು 63ರ ವರ್ಗ. ಇವೆರಡರ ನಡುವೆ ಕೂತ 61ಕ್ಕೆ ಮಾತ್ರ ಸೊನ್ನೆ ಬಿಟ್ಟರೆ ಅತಿ ಚಿಕ್ಕ ಉತ್ತರವೇ 22,61,53,980! ಅದರ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ 1,76,63,19,049ರ ವರ್ಗ ಬರುತ್ತದೆ. ಒಂದೊಂದೇ ಸಂಖ್ಯೆ ಹಾಕಿ ಕೈಲೆಕ್ಕದಲ್ಲಿ ಹುಡುಕುತ್ತ ಕೂತರೆ ಜನ್ಮ ಸಾಲದು.

ಭಾಸ್ಕರರು ಹಾಗೆ ಹುಡುಕಲಿಲ್ಲ. ಒಂದು ಜೋಡಿ ಸಂಖ್ಯೆಯಿಂದ ಮುಂದಿನ ಜೋಡಿಗೆ ಚಕ್ರದಂತೆ ಸಾಗುವ ಅವರ ಚಕ್ರವಾಳ ವಿಧಾನ 8ರ ವರ್ಗದಿಂದ ಹೊರಡುತ್ತದೆ: 64ಕ್ಕೂ 61ಕ್ಕೂ 3ರ ಅಂತರ. ಮುಂದೆ 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ಅಂತರ 4. ಅಲ್ಲಿಂದ, ಇಂಥ ಜೋಡಿಗಳನ್ನು ಬೆಸೆದು ಹೊಸ ಜೋಡಿ ಪಡೆಯುವ ಹಿಂದಿನ ಗಣಿತಜ್ಞ ಬ್ರಹ್ಮಗುಪ್ತರ ಸೂತ್ರ ಹಿಡಿದರೆ 29,718 ಮತ್ತು 3,805 ಸಿಗುತ್ತವೆ. ಮೊದಲನೆಯದರ ವರ್ಗ 88,31,59,524. ಎರಡನೆಯದರ ವರ್ಗದ 61 ಪಟ್ಟು 88,31,59,525. ಒಂದೇ ಒಂದರ ವ್ಯತ್ಯಾಸ! ಈ ಎರಡನ್ನೂ ಕೂಡಿಸಿ, ಬರುವುದು ಅದೇ 1,76,63,19,049. ಇನ್ನು 29,718 ಮತ್ತು 3,805ನ್ನು ಗುಣಿಸಿ ಇಮ್ಮಡಿ ಮಾಡಿದರೆ 22,61,53,980. ಚಕ್ರವಾಳದ ಕೀರ್ತಿ ಭಾಸ್ಕರರೊಬ್ಬರದೇ ಅಲ್ಲ, ಅವರಿಗಿಂತ ಮೊದಲಿನ ಗಣಿತಜ್ಞ ಜಯದೇವರಿಗೂ ಅದರಲ್ಲಿ ಪಾಲಿದೆ. ಇದನ್ನೂ ಮಕ್ಕಳಿಗೆ ಹೇಳಬೇಕು. 1657ರಲ್ಲಿ ಫ್ರಾನ್ಸಿನ ಫರ್ಮಾ ತನ್ನ ಕಾಲದ ಗಣಿತಜ್ಞರಿಗೆ ಇಂಥದೇ ಸವಾಲು ಹಾಕಿದಾಗ ಆರಿಸಿಕೊಂಡ ಸಂಖ್ಯೆಗಳಲ್ಲಿ ಇದೇ 61 ಕೂಡ ಇತ್ತು.

ಈ ಉತ್ತರವನ್ನು ತಾಳೆ ನೋಡಲು ಗುಣಾಕಾರ, ಕೂಡುವುದು, ಕಳೆಯುವುದು ಬಿಟ್ಟು ಬೇರೇನೂ ಬೇಡ. ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ: ಈ ಸಲದ ಗಣಿತ ದಿನದಂದು ಜಿಲ್ಲೆಯ ಪ್ರತಿ ಪ್ರೌಢಶಾಲೆಯಲ್ಲಿ ಭಾಷಣ ಒಂದಿಷ್ಟು ಕಡಿಮೆ ಮಾಡಿ, ಒಂದು ಪಿರಿಯಡ್ ಈ ಲೆಕ್ಕಕ್ಕೆ ಕೊಡಿಸಿ. ಒಂಬತ್ತನೆಯವರು 29,718ರ ವರ್ಗ ಮಾಡಲಿ. ಹತ್ತನೆಯವರು ಗುಂಪಾಗಿ ಕೂತು ದೊಡ್ಡ ಸಂಖ್ಯೆಯ ವರ್ಗವನ್ನೇ ತೆಗೆಯಲಿ. ಅದು 19 ಅಂಕಿಯದು, ಅಂಗಡಿಯಲ್ಲಿ ಸಿಗುವ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಹಿಡಿಸುವುದಿಲ್ಲ; ಕೈಯಿಂದಲೇ ಮಾಡಬೇಕು. ತಾಳೆ ನೋಡಲು ಶಿಕ್ಷಕರಿಗೆ ಉತ್ತರ ಇಲ್ಲಿದೆ: 3119882982860264401.

– ಒಬ್ಬ ಗಣಿತ ಶಿಕ್ಷಕ, ವಿಜಯಪುರ